ಬಿವಾ ದಂಡೆಯಲ್ಲಿ ಅರ್ಧಕ್ಕೆ ನಿಂತ ಜಗಳ

"ನೀನಾ?!"

ಬಿವಾ ಸರೋವರದ ದಂಡೆಯ ನಾಗಹಾಮಾ ಸ್ಟೇಷನ್ನಿನ ಮುಂದೆ ಸೈಕಲ್ ಹಿಡಿದು ನಿಂತಿದ್ದವನನ್ನು ಕಂಡು ಶಿಹೋ ಕಾಲು ಕಿತ್ತಿಡಲಾರದೆ ನಿಂತುಬಿಟ್ಟಳು.

ಕೋಹೇಯ್! ಎರಡು ವರ್ಷದಿಂದ ಯಾರ ಮುಖ ನೋಡಬಾರದು ಅಂದುಕೊಂಡಿದ್ದಳೋ ಅದೇ ಕೋಹೇಯ್. ಸ್ವಲ್ಪ ಸೊರಗಿದ್ದ. ಅಷ್ಟೇ.

'ಸೊರಗಿದ್ದಾನೋ ಉಬ್ಬಿದ್ದಾನೋ, ನನಗೇನು?'

ಅವಳು ಗೆಳತಿಯ ಕಡೆ ತಿರುಗಿದಳು. "ಮಿನೋರಿ... ಇವನ್ಯಾಕೆ ಇಲ್ಲಿ?"

"ನಾನೇ ಕರೆದೆ ಕಣೇ," ಮಿನೋರಿ ಗಂಡ ಟೊಮೊಯಾನ ಬೆನ್ನ ಹಿಂದೆ ಅರ್ಧ ಅಡಗಿಕೊಂಡು ಹೇಳಿದಳು. "ಹೇಳಿದ್ರೆ ನೀನು ಬರ್ತಿದ್ದೆಯಾ?"

"ಬರ್ತಿರ್ಲಿಲ್ಲ!"

"ನೋಡು, ಅದಕ್ಕೇ ಹೇಳ್ಲಿಲ್ಲ."

ಕೋಹೇಯ್ ಮೆಲ್ಲಗೆ ಹೆಲ್ಮೆಟ್ ತೆಗೆದ. "ನಾನು ಬೇಕಾದ್ರೆ ಮುಂದಿನ ರೈಲಿಗೆ ವಾಪಸ್ ಹೋಗ್ತೀನಿ."

ಆ ಮಾತಿಗೆ ಶಿಹೋಗೆ ಮೈಯೆಲ್ಲ ಉರಿಯಿತು. ಅವತ್ತೂ ಹೀಗೇ ಅಲ್ಲವೇ? ಹೋಗು ಅಂದ ತಕ್ಷಣ ಹೋದವನು!

"ಯಾರೂ ಎಲ್ಲೂ ಹೋಗೋದು ಬೇಡ. ಮೇ ತಿಂಗಳ ರಜೆ ನನಗೂ ಇದೆ. ನೀನಿದ್ದೀಯ ಅಂತ ನಾನ್ಯಾಕೆ ಬಿಡ್ಲಿ? ಸರೋವರ ಏನು ನಿಮ್ಮಪ್ಪಂದಾ?"

ಟೊಮೊಯಾ ನಕ್ಕುಬಿಟ್ಟ. ಮಿನೋರಿ ಅವನ ಕಾಲು ತುಳಿದಳು.

ನಾಲ್ವರೂ ಕಾಲೇಜಿನ ಸೈಕಲ್ ಬಳಗದವರು. ಆಗ ಶಿಹೋ ಮತ್ತು ಕೋಹೇಯ್ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಓದು ಮುಗಿದ ಮೇಲೆ ಅವಳು ಶಿಗರಾಕಿಯ ತಮ್ಮ ಮನೆಯಲ್ಲೇ ಮಣ್ಣಿನ ಪಾತ್ರೆ ಮಾಡುವ ಕೆಲಸಕ್ಕೆ ಕೂತಳು. ಅವನು ಗುಡ್ಡದಾಚೆ ಅಪ್ಪನ ಚಹಾ ತೋಟ ನೋಡಿಕೊಂಡ. ಮದುವೆಯ ಮಾತು ಎರಡೂ ಮನೆಗಳಲ್ಲಿ ಬಂದಿತ್ತು.

ಅಷ್ಟರಲ್ಲಿ ಆ ದಿನ ಬಂತು.

ಇದೇ ಸರೋವರದ ಪಶ್ಚಿಮ ದಂಡೆ. ಎಲ್ಲರೂ ಒಬ್ಬರ ಹಿಂದೊಬ್ಬರು ವೇಗವಾಗಿ ಹೋಗುತ್ತಿದ್ದರು. ಶಿಹೋಳ ಮುಂದಿದ್ದ ಕೋಹೇಯ್ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದ. ಅವಳ ಮುಂದಿನ ಚಕ್ರ ಅವನ ಹಿಂದಿನ ಚಕ್ರಕ್ಕೆ ತಾಗಿತು. ರಸ್ತೆಗೆ ಬಿದ್ದವಳ ಎಡಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಬೀಳುವ ಮೊದಲು ಅವಳು ಕಂಡಿದ್ದು ಒಂದೇ. ಕೋಹೇಯ್‌ನ ಬಲಗೈ ಹಿಡಿ ಬಿಟ್ಟು ಕೆಳಗೆ, ಸೊಂಟದ ಹಿಂದಕ್ಕೆ ಹೋಗಿತ್ತು. ಫೋನ್ ಇಟ್ಟುಕೊಳ್ಳುವ ಜೇಬಿನ ಕಡೆಗೆ.

"ಫೋನ್ ತೆಗೀತಿದ್ದೆ ಅಲ್ವಾ?" ಆಸ್ಪತ್ರೆಯಲ್ಲಿ ಅವಳು ಕಿರುಚಿದ್ದಳು. "ನನ್ನ ಕೈ ಹೋಯ್ತು ಕೋಹೇಯ್! ತಿಗರಿ ಮುಂದೆ ಹೇಗೆ ಕೂರ್ಲಿ ನಾನು? ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ!"

ಅವನು ತಲೆ ಬಗ್ಗಿಸಿ "ತಪ್ಪಾಯ್ತು" ಅಂದಿದ್ದ. ಆಮೇಲೆ ನಿಜಕ್ಕೂ ಮುಖ ತೋರಿಸಲಿಲ್ಲ.

ಒಂದು ವರ್ಷ ಅವಳು ಮಣ್ಣು ಮುಟ್ಟಲಿಲ್ಲ. ಅವಳ ಮೊದಲ ಪ್ರದರ್ಶನ ತಪ್ಪಿಹೋಯಿತು. ಅಪ್ಪನ ಜೊತೆ ಪಾತ್ರೆ ಸುಡುವ ಆವಿಗೆಗೆ ಸೌದೆ ಹಾಕಲೂ ಆಗಲಿಲ್ಲ. ದೊಡ್ಡ ಜಾಡಿಗಳನ್ನು ಎತ್ತುತ್ತಿದ್ದ ಕೈ ಈಗ ಬಟ್ಟಲುಗಳಿಗೆ ಇಳಿದಿತ್ತು. ಇಷ್ಟೆಲ್ಲ ಆದರೂ ರಾತ್ರಿ ಅಳು ಬರುತ್ತಿದ್ದದ್ದು ಕೈಗಲ್ಲ... ಅವನು ಬರಲಿಲ್ಲವಲ್ಲ ಎಂಬುದಕ್ಕೆ!

*

ಟೊಮೊಯಾ ಮುಂದೆ, ಅವನ ಹಿಂದೆ ಮಿನೋರಿ, ಆಮೇಲೆ ಶಿಹೋ. "ಇವನ ಹಿಂದೆ ನಾನು ಹೋಗಲ್ಲ. ಒಂದು ಸಲ ಹೋಗಿ ಸಾಕಾಗಿದೆ" ಎಂದು ಅವಳೇ ಹೇಳಿದ್ದರಿಂದ ಕೋಹೇಯ್ ಎಲ್ಲರಿಗಿಂತ ಕೊನೆಗೆ ಉಳಿದ.

ಎಡಕ್ಕೆ ನೀರು, ಬಲಕ್ಕೆ ಆಗಷ್ಟೇ ನಾಟಿಯಾದ ಗದ್ದೆಗಳು. ಶಿಹೋ ಎರಡನ್ನೂ ನೋಡಲಿಲ್ಲ. ಹಿಂದಿನಿಂದ ಬರುವ ಚಕ್ರದ ಸದ್ದನ್ನೇ ಕೇಳುತ್ತ, ಸಿಟ್ಟಿನಲ್ಲೇ ಪೆಡಲ್ ತುಳಿದಳು.

ಕಿನೊಮೊಟೊದಲ್ಲಿ ಕೊಂಡ ಮೂಲಂಗಿ ಉಪ್ಪಿನಕಾಯಿ ತುಂಬಿದ ಬ್ರೆಡ್ಡನ್ನು ಗುಡ್ಡ ದಾಟಿ ನೀರಿನಂಚಿನಲ್ಲಿ ತಿನ್ನಲು ಕೂತರು.

"ಮಣಿಕಟ್ಟು ನೋಯ್ತಿದೆಯಾ?" ಕೋಹೇಯ್ ಕೇಳಿದ.

"ಎರಡು ವರ್ಷ ಆದ್ಮೇಲೆ ಕೇಳ್ತಿದ್ದೀಯ! ಬಹಳ ಬೇಗ ನೆನಪಾಯ್ತು..."

ಅಷ್ಟರಲ್ಲಿ ಮೇಲಿಂದ ಹದ್ದೊಂದು ಎರಗಿ ಅವಳ ಕೈಯಲ್ಲಿದ್ದ ಬ್ರೆಡ್ಡನ್ನು ಕಿತ್ತುಕೊಂಡು ಹಾರಿತು.

ಮಿನೋರಿ ಬಿದ್ದು ಬಿದ್ದು ನಕ್ಕಳು. ಕೋಹೇಯ್ ನಗಲಿಲ್ಲ. ತನ್ನ ಬ್ರೆಡ್ಡನ್ನು ಅರ್ಧ ಮುರಿದು ಚಾಚಿದ.

"ಬೇಡ. ಹದ್ದು ಒಳ್ಳೇದು. ಕಿತ್ಕೊಳ್ಳುತ್ತೆ, ತಪ್ಪಾಯ್ತು ಅಂತ ನಾಟಕ ಆಡಲ್ಲ."

ಅವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಕೊನೆಗೆ ಆ ತುಂಡನ್ನು ಮತ್ತೆ ಕಾಗದದಲ್ಲಿ ಸುತ್ತತೊಡಗಿದ.

'ಹೇಳೋ! ಏನಾದ್ರೂ ಹೇಳು! ಬೈದಾದ್ರೂ ಬಿಡು!' ಶಿಹೋಳ ಮನಸ್ಸು ಕೂಗುತ್ತಿತ್ತು.

*

ಕಾಯ್ಜು ಒಸಾಕಿಯ ರಸ್ತೆ ಕಿರಿದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರಿನ ಮೇಲೆ ಬಾಗಿದ ಚೆರ್ರಿ ಮರಗಳು. ಹೂವೆಲ್ಲ ಹೋಗಿ ಎಲೆ ತುಂಬಿತ್ತು.

"ಏ, ಅಲ್ಲಿ ನೋಡೇ! ಕೊಕ್ಕರೆ ಎಷ್ಟು ದೊಡ್ಡದು!"

ಮಿನೋರಿ ಹಿಂದಕ್ಕೆ ತಿರುಗಿ ಕೂಗಿದಳು. ತಿರುಗಿದ್ದೇ ತಡ, ಅವಳ ಸೈಕಲ್ ರಸ್ತೆಯ ನಡುವಿಗೆ ವಾಲಿತು. ಗಾಬರಿಯಲ್ಲಿ ಅವಳು ಬ್ರೇಕ್ ಹಿಡಿದಳು.

ಶಿಹೋ ಯೋಚಿಸಲಿಲ್ಲ. ಎಡಗೈಯಿಂದ ಬ್ರೇಕ್ ಹಿಡಿದಳು. ಬಲಗೈ ತಾನಾಗಿಯೇ ಹಿಡಿ ಬಿಟ್ಟು ಕೆಳಗಿಳಿದು, ಸೊಂಟದ ಹಿಂದೆ ಅಂಗೈ ಬಿಚ್ಚಿ ನಿಂತಿತು. ಹಿಂದಿರುವವರಿಗೆ 'ನಿಲ್ಲು' ಅನ್ನುವ ಸನ್ನೆ. ಕಾಲೇಜಿನಲ್ಲಿ ನಾಲ್ವರೂ ಕಲಿತ ಮೊದಲ ಪಾಠ.

ಹಿಂದೆ ಕೋಹೇಯ್ ನಿಂತ. ಅವನು ಬೇಕಾದಷ್ಟು ಅಂತರ ಬಿಟ್ಟೇ ಬರುತ್ತಿದ್ದ.

ಯಾರೂ ಬೀಳಲಿಲ್ಲ. ಆದರೆ ಶಿಹೋ ತನ್ನ ಬಲಗೈಯನ್ನೇ ನೋಡುತ್ತ ನಿಂತಳು.

ಕೈ ಕೆಳಗೆ... ಸೊಂಟದ ಹಿಂದೆ...

ಅವತ್ತು ಕೋಹೇಯ್‌ನ ಮುಂದಿದ್ದವಳು ಮಿನೋರಿಯೇ. ಅವತ್ತೂ ಬೀಳುವ ಮುನ್ನ ಅವಳ ಕೂಗು ಕೇಳಿತ್ತು. 'ಏ, ಅಲ್ಲಿ ನೋಡೇ!'

"ಏನಾಯ್ತೇ?" ಮಿನೋರಿ ಏನೂ ಅರಿಯದವಳಂತೆ ಕೇಳಿದಳು. ಅವಳಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ.

"ನೀವಿಬ್ರೂ ಮಾಕಿನೋ ದಂಡೆಗೆ ಹೋಗಿರಿ. ಇವನ ಹತ್ರ ನನಗೆ ಮಾತಿದೆ."

ಟೊಮೊಯಾ ಇಬ್ಬರನ್ನೂ ನೋಡಿದ. "ಒಬ್ಬರನ್ನೊಬ್ರು ನೀರಿಗೆ ತಳ್ಳಬೇಡ್ರಪ್ಪ" ಎಂದು ಹೆಂಡತಿಯನ್ನು ಕರೆದುಕೊಂಡು ಹೊರಟ.

ಅವರು ತಿರುವು ದಾಟುವವರೆಗೂ ಶಿಹೋ ತಡೆದುಕೊಂಡಳು.

"ಅವತ್ತು ಫೋನ್ ಅಲ್ಲ."

ಕೋಹೇಯ್ ಸೈಕಲ್ಲನ್ನು ಬಂಡೆಗೆ ಒರಗಿಸಿದ.

"ನನಗೆ ನಿಲ್ಲು ಅಂತ ಕೈ ತೋರಿಸಿದೆ. ಅಡ್ಡ ಬಂದಿದ್ದು ಮಿನೋರಿ. ಹೌದೋ ಅಲ್ವೋ?"

"...ಹೌದು."

"ಮತ್ಯಾಕೆ ತಪ್ಪಾಯ್ತು ಅಂದೆ?!"

"ನಿನ್ನ ಹಾಸಿಗೆ ಪಕ್ಕ ಹಗಲೂ ರಾತ್ರಿ ಕೂತಿದ್ದವಳು ಅವಳು. ತಲೆ ಬಾಚಿ, ಊಟ ತಿನ್ನಿಸಿ... ಅವಳ ಹೆಸರು ಹೇಳಿದ್ರೆ ನೀನು ಅವಳನ್ನೂ ಕಳ್ಕೊಳ್ತಿದ್ದೆ."

ಶಿಹೋ ಕೈಗವಸು ಕಿತ್ತು ಅವನ ಎದೆಗೆ ಎಸೆದಳು.

"ನಾನು ಯಾರ ಮೇಲೆ ಸಿಟ್ಟಾಗ್ಬೇಕು ಅಂತ ತೀರ್ಮಾನ ಮಾಡೋಕೆ ನೀನ್ಯಾರೋ? ನೀನು ತ್ಯಾಗ ಮಾಡಿ ದೊಡ್ಡ ಮನುಷ್ಯ ಆದೆ. ನಾನು? ಏನೂ ಮಾಡದವನಿಗೆ ಎರಡು ವರ್ಷ ಶಾಪ ಹಾಕ್ಕೊಂಡು ಕೂತೆ! ನಿನ್ನ ಬಿಟ್ಟು ಬದುಕೋದು ಹೇಗೆ ಅಂತ ಕಲಿಯೋಕೆ ಒದ್ದಾಡಿದೆ! ಇದನ್ನ ಉಪಕಾರ ಅಂತೀಯಾ?"

"ತಪ್ಪಾ..."

"ಆ ಮಾತು ಇನ್ನೊಂದ್ಸಲ ಅಂದ್ರೆ ನೋಡು!"

ಆಗ ಕೋಹೇಯ್‌ನ ಸಹನೆಯ ಕಟ್ಟೆಯೂ ಒಡೆಯಿತು.

"ಸರಿ, ಅನ್ನಲ್ಲ! ಕೇಳು ಹಾಗಾದ್ರೆ! ನೀನು ಒಂದೇ ಒಂದು ಸಲ ಕೇಳಿದೆಯಾ, ಏನಾಯ್ತು ಕೋಹೇಯ್ ಅಂತ? ಇಲ್ಲ! ನೇರವಾಗಿ ತೀರ್ಪು ಕೊಟ್ಟೆ. ಅಷ್ಟು ವರ್ಷ ಜೊತೆಗಿದ್ದವನು, ಹಿಂದೆ ನೀನು ಬರ್ತಿರೋವಾಗ ಫೋನ್ ತೆಗೀತಾನೆ ಅಂತ ನಂಬಿಬಿಟ್ಟೆಯಲ್ಲ! ಮಿನೋರಿಗೋಸ್ಕರ ಸುಮ್ನಿದ್ದೆ ಅನ್ನೋದು ನಿಜ. ಆದ್ರೆ ಪೂರ್ತಿ ನಿಜ ಅಲ್ಲ. ನನಗೂ ಸಿಟ್ಟು ಬಂದಿತ್ತು ಶಿಹೋ. ಹಾಗೇ ನಂಬ್ಕೊಂಡಿರ್ಲಿ ಅಂದ್ಕೊಂಡೆ. ಆಮೇಲೆ ಬರೋಕೆ ಮುಖ ಇರ್ಲಿಲ್ಲ."

ಅವನು ಇಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಇದೇ ಮೊದಲು ಕೇಳಿದ್ದು.

ವಿಚಿತ್ರವೆಂದರೆ, ಆ 'ತಪ್ಪಾಯ್ತು' ಕೊಡದಿದ್ದ ಸಮಾಧಾನವನ್ನು ಈ ಬೈಗುಳ ಕೊಟ್ಟಿತು. ತಾನು ಅತ್ತಷ್ಟೂ ದಿನ ಇವನೂ ಬೆಂದಿದ್ದಾನೆ! ಮರೆತು ಕೂತಿರಲಿಲ್ಲ!

"...ಕೇಳ್ಬೇಕಿತ್ತು," ಅವಳು ಮೆಲ್ಲಗೆ ಅಂದಳು. "ನಿನ್ನ ಹಿಂದೆ ಅಷ್ಟು ಹತ್ತಿರ ಬಂದಿದ್ದೂ ನನ್ನ ತಪ್ಪೇ."

ಆಮೇಲೆ ಸೈಕಲ್ ಏರಿದಳು. "ನಡಿ. ಮಿನೋರಿಗೆ ಹೇಳ್ತೀನಿ."

"ಶಿಹೋ, ಬೇಡ... ಅವಳು ತಡ್ಕೊಳ್ಳಲ್ಲ."

"ಮತ್ತೆ ಶುರು ಮಾಡಿದೆಯಾ?!"

*

ಮಾಕಿನೋದ ಪೈನ್ ಮರಗಳ ಕೆಳಗೆ ಶಿಹೋ ಎಲ್ಲವನ್ನೂ ಹೇಳಿದಳು. ಸುತ್ತಿ ಬಳಸಲಿಲ್ಲ.

ಮಿನೋರಿಯ ಮುಖ ಬಿಳಿಚಿಕೊಂಡಿತು. "ನಾನಾ...? ನಾನೇ ಮಾಡಿ, ನಾನೇ ನಿನಗೆ ಗಂಜಿ ಕುಡಿಸ್ತಾ... ಇವನನ್ನ ಬೈತಾ ಕೂತಿದ್ನಾ?"

ಅವಳು ಮರಳಿನ ಮೇಲೆ ಕುಸಿದು ಚಿಕ್ಕ ಮಗುವಿನಂತೆ ಅತ್ತಳು. ಟೊಮೊಯಾ ಏನು ಮಾಡಬೇಕೆಂದು ತೋಚದೆ ನಿಂತ. ಶಿಹೋ ಪಕ್ಕದಲ್ಲಿ ಕೂತು ಟವೆಲ್‌ನಿಂದ ಅವಳ ಮೂಗು ಒರೆಸಿದಳು. ಒರೆಸುತ್ತಲೇ ಬೈದಳು.

"ಹಿಂದೆ ತಿರುಗಿ ನೋಡ್ಬೇಡ ಅಂತ ಕಾಲೇಜಿಂದ ಹೇಳ್ತಿದ್ದೀನಿ, ಕೇಳಿದೆಯಾ? ಕೊಕ್ಕರೆ ಅಂತೆ ಕೊಕ್ಕರೆ! ನನಗೆ ಸಿಟ್ಟಿದೆ, ಬಹಳ ಸಿಟ್ಟಿದೆ. ನಾಳೆಯೂ ಇರುತ್ತೆ. ಆದ್ರೆ ನಿನ್ನನ್ನ ಬಿಡ್ತೀನಿ ಅಂತ ಯಾರು ಹೇಳಿದ್ದು? ಎದ್ದೇಳು, ನೆಗಡಿಯಾಗುತ್ತೆ."

ಮಿನೋರಿ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಆಮೇಲೆ ಎದ್ದು ಕೋಹೇಯ್ ಮುಂದೆ ಕ್ಷಮೆ ಕೇಳುತ್ತ ಸೊಂಟ ಬಾಗಿಸಿ ನಿಂತಳು. ಎಷ್ಟು ಹೇಳಿದರೂ ತಲೆ ಎತ್ತಲಿಲ್ಲ. ಕೊನೆಗೆ ಟೊಮೊಯಾನೇ ಅವಳನ್ನು ಹಿಡಿದು ನೀರಿನ ಕಡೆ ನಡೆಸಿಕೊಂಡು ಹೋದ.

ಇಬ್ಬರೇ ಉಳಿದರು.

"ಈಗಲೂ ನಿನಗೆ ನನ್ನ ಮೇಲೆ ಸಿಟ್ಟಾ?" ಕೋಹೇಯ್ ಕೇಳಿದ.

"ತುಂಬಾ. ನಿನಗೆ?"

"ನನಗೂ."

"ಮತ್ತೆ ಇವತ್ತು ಯಾಕೆ ಬಂದೆ? ನಾನಿರ್ತೀನಿ ಅಂತ ಗೊತ್ತಿತ್ತಲ್ಲ."

"ನೀನಿರ್ತೀಯ ಅಂತಲೇ ಬಂದೆ." ಅವನು ಅವಳ ಎಡಗೈಯನ್ನು ನೋಡಿದ. "ಎರಡು ವರ್ಷ ಸಿಟ್ಟು ಮಾಡ್ಕೊಂಡು ನೋಡಿದೆ ಶಿಹೋ. ಸಿಟ್ಟು ಹಾಗೇ ಇದೆ. ಪ್ರೀತಿಯೂ ಹಾಗೇ ಇದೆ. ಏನು ಮಾಡ್ಲಿ ಹೇಳು?"

ಶಿಹೋಳ ಕಣ್ಣು ತುಂಬಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು! ಕೆನ್ನೆಯನ್ನು ಒರಟಾಗಿ ಒರೆಸಿಕೊಂಡು, ನೋವಿದ್ದ ಆ ಕೈಯನ್ನೇ ಅವನ ಅಂಗೈಯಲ್ಲಿಟ್ಟಳು.

"ರಜೆ ಮುಗಿಯೋದ್ರೊಳಗೆ ನಮ್ಮನೆಗೆ ಬಾ. ಜಗಳ ಇನ್ನೂ ಅರ್ಧ ಬಾಕಿ ಇದೆ. ಅಪ್ಪ ಅಮ್ಮನ ಮುಂದೆ ಮುಂದುವರಿಸೋಣ."

"ನಿಮ್ಮಮ್ಮ ನನ್ನನ್ನ ಪೊರಕೆ ತಗೊಂಡು ಹೊಡೀತಾರೆ."

"ಹೊಡೀಲಿ."

"ಅಯ್ಯೋ... ನೀನು ತಡೆಯಲ್ವಾ?"

"ಇಲ್ಲ." ಅವಳ ಬೆರಳುಗಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದವು. "ಆದ್ರೆ ಈ ಸಲ ಓಡಿಹೋಗೋಕೆ ಬಿಡಲ್ಲ."