ಅರವತ್ತು ಹದಿನೈದಾದ ಬಗೆ

ಭಾವ ಅವನನ್ನು ಕರೆಯುತ್ತಿದ್ದುದೇ ‘ಬಾಟ್ಲಿ ವಿಜ್ಞಾನಿ’ ಎಂದು. ಸಿಬ್ಬಂದಿಯೆದುರು, ಬಂದವರೆದುರು, ಕೊನೆಗೆ ಕಟ್ಟಿಕೊಂಡ ಹೆಂಡತಿಯೆದುರೂ. ರಕ್ತಪರೀಕ್ಷೆಯ ಲ್ಯಾಬ್ ಹೆಂಡತಿಯ ಅಣ್ಣನಾದ ಈ ಭಾವನದು. ಅದನ್ನು ನಡೆಸುವ ತಲೆ ಮಾತ್ರ ತನ್ನದು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ರಕ್ತ ಯಾರ ತೋಳಿನದೆಂದು ಕಣ್ಣಾರೆ ನೋಡದೆ ಟ್ಯೂಬಿಗೆ ಹೆಸರು ಅಂಟಿಸಬಾರದೆಂದು ಹೊಸಬರಿಗೆ ದಿನಾ ಬೈದು ಕಲಿಸಿದವನೂ ಅವನೇ. ಮದುವೆಯಾಗದ ಭಾವ ಕಣ್ಮುಚ್ಚಿದರೆ ಎಲ್ಲವೂ ಒಬ್ಬಳೇ ತಂಗಿಗೆ, ಅಂದರೆ ತನಗೆ.

ಭಾವನಿಗೆ ಫಿಟ್ಸ್. ಎಲ್ಲರಿಂದ ಮುಚ್ಚಿಟ್ಟ ಆ ಗುಟ್ಟನ್ನು ಅವನಿಗೆ ಹೇಳಿದ್ದು, ಮನೆ ಡಾಕ್ಟರು ತಿಂಗಳಿಗೊಮ್ಮೆ ಭಾವನ ಹೆಸರಿನಲ್ಲಿ ಕಳಿಸುತ್ತಿದ್ದ ರಕ್ತ. ಅದರಲ್ಲಿ ಮಾತ್ರೆಯ ಅಂಶ ಎಷ್ಟಿದೆಯೆಂದು ಅವನು ಅಳೆಯಬೇಕು. ಹೆಚ್ಚಾದರೆ ತಲೆ ತಿರುಗುತ್ತದೆ, ಕಾಲು ತಡವರಿಸುತ್ತದೆ. ಕೆಳಗೆ ಲ್ಯಾಬು, ಮೇಲೆ ಮೂವರೂ ಇರುವ ಮನೆ, ನಡುವೆ ಕಡಿದಾದ ಕಲ್ಲಿನ ಮೆಟ್ಟಿಲು. ಇನ್ನೇನು ಬೇಕು?

ಡಾಕ್ಟರಂತೂ ಪದವಿ ಹೊತ್ತ ಕತ್ತೆ. ಮೈಕ್ರೋಮೋಲ್ ಎಂಬ ಅಳತೆಯ ವರದಿ ನೋಡಿ ನೋಡಿ, ನಲವತ್ತರಿಂದ ಎಂಬತ್ತರೊಳಗಿದ್ದರೆ ಸರಿ, ಕಡಿಮೆಯಾದರೆ ಮಾತ್ರೆ ಏರಿಸಬೇಕು ಎಂಬುದೊಂದನ್ನೇ ಬಾಯಿಪಾಠ ಮಾಡಿದ್ದರು; ಅಂಕಿಯ ಪಕ್ಕದ ಅಕ್ಷರ ಓದಿ ಗೊತ್ತಿಲ್ಲ. ಅದೇ ರಕ್ತವನ್ನು ಮಿಲಿಗ್ರಾಂನಲ್ಲಿ ಹೇಳಿದರೆ ಅಂಕಿ ಕಾಲುಭಾಗಕ್ಕೆ ಇಳಿಯುತ್ತದೆ. ಅವನು ಅಳತೆಯನ್ನಷ್ಟೇ ಬದಲಿಸಿದ. ಅರವತ್ತು ಹದಿನೈದಾಯಿತು. ಪಕ್ಕದಲ್ಲಿ ‘ಲೀಟರಿಗೆ ಮಿಲಿಗ್ರಾಂ’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಒಂದಕ್ಷರ ಸುಳ್ಳಿಲ್ಲ! ನಾಳೆ ಪೊಲೀಸರು ಬಂದರೂ ಸಿಕ್ಕಿಬೀಳುವುದು ಓದದ ಡಾಕ್ಟರು.

ಮುಂದಿನ ತಿಂಗಳ ರಕ್ತ ಹೊಸ ಅಳತೆಯಲ್ಲಿ ಇಪ್ಪತ್ತೆಂಟು ತೋರಿಸಿತು; ಹಳೆಯದರಲ್ಲಾದರೆ ನೂರು ದಾಟಿತ್ತು. ಕತ್ತೆ ಮಾತ್ರೆ ಏರಿಸಿದೆ! ಆದರೂ ನಲವತ್ತಿಲ್ಲವಲ್ಲ, ಮತ್ತೆ ಏರಿಸುತ್ತದೆ. ಭಾವ ಮಾತ್ರ ಗೂಳಿಯಂತೆ ಓಡಾಡುತ್ತಿದ್ದ. ದಪ್ಪ ಚರ್ಮ, ಮಾತ್ರೆ ನಿಧಾನವಾಗಿ ಇಳಿಯುತ್ತದೆ ಎಂದುಕೊಂಡ ಅವನು.

ಮನೆಯಲ್ಲಿ ಹೆಂಡತಿ ಲೋಟ ಎತ್ತಿಹಾಕಿದಳು.

“ತಲೆ ಗಿರ್ರ್ ಅಂತಿದೆ ರೀ.”

“ಹೊತ್ತಿಗೆ ಸರಿಯಾಗಿ ತಿನ್ನಲ್ಲ, ಇನ್ನೇನಾಗತ್ತೆ? ಹೋಗಿ ಮಲ್ಕೋ.”

ಗದರಿದರೂ ಹೋಗಿ ಹೊದಿಕೆ ಹೊದಿಸಿದ. ಆ ಮನೆಯಲ್ಲಿ ಅವನಿಗೆ ಮರ್ಯಾದೆ ಕೊಡುತ್ತಿದ್ದವಳು ಅವಳೊಬ್ಬಳೇ. ಲ್ಯಾಬಿನ ಬಾಗಿಲಿಗೆ ಅವಳ ಹೆಸರಿನ ಫಲಕ ಹಾಕಿಸಬೇಕೆಂದೂ ಯೋಚಿಸಿಟ್ಟಿದ್ದ.

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಅವನು ಓಡಲಿಲ್ಲ. ಸೋಪು ಹಾಕಿ ಕೈ ತೊಳೆದ, ಒರೆಸಿಕೊಂಡ, ಮುಖಕ್ಕೊಂದಿಷ್ಟು ಗಾಬರಿ ತಂದುಕೊಂಡು ಹೊರಗೆ ಬಂದ.

ಕೆಳಗಿನ ಮೆಟ್ಟಿಲಲ್ಲಿ ಭಾವ ಕೂತಿದ್ದ, ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. ಅವಳು ಉಸಿರಾಡುತ್ತಿರಲಿಲ್ಲ.

“ತಪ್ಪು ನಂದೇ ಕಣಯ್ಯಾ,” ಭಾವ ಎದೆ ಬಡಿದುಕೊಂಡ. “ಫಿಟ್ಸ್ ಇದ್ದಿದ್ದು ನನಗಲ್ಲ, ಇವಳಿಗೆ. ಹೇಳಿದ್ರೆ ಮದುವೆ ಮುರಿಯತ್ತೆ ಅಂತ ಮುಚ್ಚಿಟ್ವಿ. ಇವಳ ರಕ್ತಾನೇ ನನ್ನ ಹೆಸರಲ್ಲಿ ಕಳಿಸ್ತಿದ್ವಿ. ಮಾತ್ರೆ ಸಾಲ್ತಿಲ್ಲ ಅಂತ ಡಾಕ್ಟ್ರು ಜಾಸ್ತಿ ಮಾಡ್ತಾನೇ ಇದ್ರು, ಆದ್ರೂ ಹೀಗಾಯ್ತಲ್ಲೋ!”

ಅವನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ. ತೋಳು ಸಡಿಲವಾಗಿ ತಿರುಗಿತು. ಮೊಣಕೈಯ ಒಳಮಡಿಕೆಯಲ್ಲಿ, ನಿನ್ನೆ ರಕ್ತ ತೆಗೆದ ಸೂಜಿಯ ಗುರುತು ಇನ್ನೂ ನೀಲಿಯಾಗಿತ್ತು. ಅದರ ಸುತ್ತ ಹಳೆಯವು.