ಎದೆಮೂಳೆಯ ತೂತು

ಜೆಸಿಬಿಯ ಹಲ್ಲಿಗೆ ಮೊದಲು ಸಿಕ್ಕಿದ್ದು ತಲೆಬುರುಡೆ. ಆಮೇಲೆ ಪಕ್ಕೆಲುಬು. ಕೊನೆಗೆ ಬೆಳ್ಳಿಯ ಉಡಿದಾರ.

ಉಡಿದಾರ ಕಂಡಿದ್ದೇ ಬೊಳ್ಳವ್ವ ಕಾಫಿ ಗಿಡಗಳ ನಡುವೆ ಕುಸಿದಳು. ಅದು ಅವಳ ಗಂಡ ಮೊಣ್ಣಪ್ಪನದು. ಮೂರು ವರ್ಷದ ಹಿಂದೆ ಮೈಸೂರು ಬಸ್ ಹತ್ತಿದವನು ಹಿಂದಿರುಗಲಿಲ್ಲ ಎಂದೇ ಊರು ನಂಬಿತ್ತು. ಹೆಂಡತಿಯ ಬಾಯಿಗೆ ಹೆದರಿ ಓಡಿದ ಎಂದು ನಕ್ಕಿತ್ತು ಕೂಡ.

ಇವತ್ತು ಯಾರೂ ನಗಲಿಲ್ಲ. ಎದೆಯ ನಡುಮೂಳೆಯ ಕೆಳಭಾಗದಲ್ಲಿ ಒಂದು ದುಂಡು ತೂತಿತ್ತು. ಬಟಾಣಿ ಕಾಳು ತೂರುವಷ್ಟು.

“ಗುಂಡು!” ಎಂದರು ಯಾರೋ.

ಮನೆಮನೆಯಲ್ಲೂ ಕೋವಿ ಇರುವ ಕೊಡಗು ಇದು. ಎದೆಯ ತೂತಿಗೆ ಇಲ್ಲಿ ಬೇರೆ ಅರ್ಥ ಹೊಳೆಯುವುದಿಲ್ಲ. ಆ ಮನೆಯ ಕೋವಿ ಹಿಡಿಯುತ್ತಿದ್ದವಳು ಬೊಳ್ಳವ್ವ. ಹಂದಿಗೆ ಇಟ್ಟ ಗುರಿ ಒಮ್ಮೆಯೂ ತಪ್ಪಿದವಳಲ್ಲ.

ಮೊಣ್ಣಪ್ಪನ ದಾಯಾದಿ ಕುಶಾಲಪ್ಪ ಜನರನ್ನು ಸರಿಸಿ ಪೊಲೀಸರ ಮುಂದೆ ಬಂದ.

“ನಾನು ಕಣ್ಣಾರೆ ನೋಡಿದ್ದೇನೆ ಸಾರ್. ಮಟಮಟ ಮಧ್ಯಾಹ್ನ, ಒಂದೇ ಗುಂಡು. ಬಾಯಿಬಿಟ್ಟರೆ ನಿನ್ನನ್ನೂ ಸುಡ್ತೇನೆ ಅಂದಳು.”

“ನಿನ್ನ ನಾಲಿಗೆ ಸೇದಿಹೋಗಲಿ!” ಬೊಳ್ಳವ್ವ ಕಿರುಚಿದಳು.

“ಕೊಂದವಳ ಬಾಯಿ ನೋಡಿ!” ಗುಂಪಿನ ಹಿಂದಿನಿಂದ ಕಲ್ಲೊಂದು ತೂರಿ ಬಂತು. ಸಬ್ ಇನ್‌ಸ್ಪೆಕ್ಟರ್ ಮಹಾಂತೇಶ ಅವಳನ್ನು ಎಳೆದು ಜೀಪಿಗೆ ಹತ್ತಿಸಿದ. ಅವನು ಗದಗ ಕಡೆಯವನು. ಈ ಊರಿಗೆ ಬಂದು ಆರು ತಿಂಗಳು.

*

“ಯಾರನ್ನು ಒಳಗೆ ಹಾಕಿದ್ದೀರಿ?” ಡಾಕ್ಟರ್ ತಸ್ನೀಮ್ ಕೇಳಿದರು. ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡುವವರು. ಮೂಳೆಗಳನ್ನು ಪರೀಕ್ಷೆಗೆ ಅವರಲ್ಲಿಗೇ ಕಳಿಸಿದ್ದರು.

“ಹೆಂಡ್ತೀನ.”

“ಯಾಕೆ?”

“ತೂತು ಕಾಣವಲ್ದೇನ್ರೀ ಡಾಕ್ಟ್ರ?”

ತಸ್ನೀಮ್ ಕಪಾಟಿನಿಂದ ನಾಲ್ಕು ಎದೆಮೂಳೆ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕಕ್ಕೂ ಅದೇ ಜಾಗದಲ್ಲಿ ತೂತು.

“ಇವರಿಗೂ ಗುಂಡು ಹೊಡೆದವರನ್ನು ಹಿಡಿದು ತನ್ನಿ. ಇದು ನಮಗೆ ದೇಹದಾನ ಮಾಡಿದ ಒಬ್ಬ ಮೇಷ್ಟ್ರದ್ದು. ತೊಂಬತ್ತನೇ ವಯಸ್ಸಿನಲ್ಲಿ ನಿದ್ದೆಯಲ್ಲೇ ಹೋದವರು.”

ಮಹಾಂತೇಶ ಬಗ್ಗಿ ಒಂದೊಂದೇ ತೂತಿಗೆ ಕಣ್ಣಿಟ್ಟ.

“ತಾಯಿಯ ಹೊಟ್ಟೆಯಲ್ಲಿರುವಾಗ ಈ ಮೂಳೆ ಎರಡು ಹೋಳು. ಆಮೇಲೆ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ನಡುವೆ ಸಂದು ಉಳಿದುಬಿಡುತ್ತದೆ. ನೂರಕ್ಕೆ ನಾಲ್ಕೈದು ಜನರಿಗೆ ಇದ್ದೀತು. ನಮ್ಮ ಜನರಲ್ಲಿ ಎಷ್ಟು ಅಂತಲೇ ನಾನು ಹುಡುಕುತ್ತಿರುವುದು. ಮಜ್ಜೆ ತೆಗೆಯಲು ಯಾರಾದರೂ ಇಲ್ಲಿ ಸೂಜಿ ಚುಚ್ಚಿದರೆ ತಡೆಯೇ ಇಲ್ಲ, ನೇರ ಹೃದಯಕ್ಕೆ! ಮಕ್ಕಳಿಗೆ ಬೈದು ಬೈದು ಕಲಿಸುತ್ತೇನೆ. ಪೊಲೀಸರಿಗೆ ಕಲಿಸುವವರು ಯಾರು?”

“ಖರೇನ ಗುಂಡಲ್ಲೇನ್ರೀ?”

“ಅಂಚು ಮುಟ್ಟಿ ನೋಡಿ. ನುಣುಪು. ಒಂದು ಬಿರುಕಿಲ್ಲ. ಹಿಂದಿನ ಬೆನ್ನುಮೂಳೆಗೆ ಗೀರು ಕೂಡ ಇಲ್ಲ.”

“ಹಂಗಾರ ಸತ್ತದ್ದು ಹೆಂಗ?”

ಅವರು ಬುರುಡೆ ತಿರುಗಿಸಿದರು. ಹಿಂಭಾಗ ಒಡೆದಿತ್ತು. “ಇದು ಜೆಸಿಬಿ ಒಡೆದದ್ದು ಅಂತ ಬರೆದಿದ್ದೀರಿ. ಮೊನ್ನೆ ಒಡೆದಿದ್ದರೆ ಅಂಚು ಬೆಳ್ಳಗಿರಬೇಕಿತ್ತು. ಇದು ಮಣ್ಣಿನ ಬಣ್ಣ ಕುಡಿದಿದೆ. ಹಳೆಯದು. ಹಿಂದಿನಿಂದ ಬಿದ್ದ ಭಾರದ ಏಟು. ಗುದ್ದಲಿಯ ಹಿಂಬದಿ ಇರಬಹುದು. ನೀವು ಕೊಲೆ ಅಂದದ್ದು ಹುಟ್ಟಿನಿಂದ ಬಂದದ್ದು. ನೀವು ಬಿಟ್ಟದ್ದು ಕೊಲೆ.”

*

ಮೊಣ್ಣಪ್ಪ ಕಾಣೆಯಾದ ದಿನ ಫೆಬ್ರವರಿ ಹನ್ನೆರಡು. ಹಳೆಯ ಕಡತದಲ್ಲಿತ್ತು. ಆ ದಿನ ಪಕ್ಕದ ಮನೆಯ ಮುತ್ತವ್ವನಿಗೆ ಚೆನ್ನಾಗಿ ನೆನಪಿತ್ತು.

“ನನ್ನ ಮಗಳಿಗೆ ಅವತ್ತೇ ನೋವು ಬಂದದ್ದು. ಬೆಳಿಗ್ಗೆಯಿಂದ ಸಂಜೆಯವರೆಗೆ.”

“ಗುಂಡಿನ ಸದ್ದು ಕೇಳಿದ್ರೇನವ್ವಾ?”

“ನೀವು ಎಲ್ಲಿಯವರು ಮಾರಾಯ್ರೇ? ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹೊಡೀತಾರೆ. ಅವತ್ತು ಒಂದು ಗುಂಡು ಸದ್ದಾಗಿದ್ದರೆ ಅರ್ಧ ಊರು ನನ್ನ ಅಂಗಳದಲ್ಲಿ ಬಂದು ನಿಂತಿರ್ತಿತ್ತು, ಮೊಮ್ಮಗ ಎಲ್ಲಿ ಅಂತ! ಹೆಣ್ಣು ಹುಟ್ಟಿತು. ಒಂದು ನರಪಿಳ್ಳೆಯೂ ಬರಲಿಲ್ಲ.”

“ಮೊನ್ನೆ ಇದನ್ನ ಯಾಕ ಹೇಳಲಿಲ್ಲ?”

ಮುತ್ತವ್ವ ಮುಖ ತಿರುಗಿಸಿದಳು. “ಯಾರು ಕೇಳಿದ್ದು? ಅವಳ ಕಂಡರೆ ನಮಗೂ ಅಷ್ಟಕ್ಕಷ್ಟೇ.”

*

ಠಾಣೆಯಲ್ಲಿ ಕುಶಾಲಪ್ಪ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಎದುರಿಗೆ ಬೊಳ್ಳವ್ವ.

“ಮೂರು ವರ್ಷದ ಹಿಂದ, ಮೊಣ್ಣಪ್ಪನ್ನ ನಾನ ಬಸ್ ಹತ್ತಿಸೀನಿ ಅಂತ ಬರೆಸೀರಿ,” ಎಂದ ಮಹಾಂತೇಶ.

“ಇವಳು ಹೆದರಿಸಿದ್ದಳಲ್ಲ ಸಾರ್.”

“ಈಗ ಗುಂಡು ನೋಡೀನಿ ಅಂತೀರಿ. ಆ ತೂತು ಹುಟ್ಟಿದಾಗಿಂದ ಇದ್ದದ್ದು. ಸದ್ದು ಯಾರಿಗೂ ಕೇಳಿಲ್ಲ. ಮೊಣ್ಣಪ್ಪ ಸತ್ತದ್ದು ಗುದ್ದಲಿ ಏಟಿಗೆ.”

ಮೇಲಿದ್ದ ಕಾಲು ಕೆಳಗಿಳಿಯಿತು. “ಹಾಗಾದರೆ ಇವಳೇ ಗುದ್ದಲಿಯಲ್ಲಿ…”

“ಅದನ್ನ ನೋಡಿದ್ರ ಗುದ್ದಲಿ ಅಂತಿದ್ದಿ. ಕೋವಿ ಯಾಕ ಅಂದಿ? ಏನೂ ನೋಡದಾವ ಆಸ್ತಿ ಆಸೆಗೆ ಸುಳ್ಳು ಹೇಳಬಹುದು, ಖರೆ. ಆದರ ಬಸ್ಸಿನ ಸುಳ್ಳು ಯಾವಾಗ ಹೇಳಿದಿ? ಅವ ಸತ್ತದ್ದು ಯಾರಿಗೂ ಗೊತ್ತಿಲ್ಲದಾಗ! ಆವಾಗ ಅದು ಬೇಕಾಗಿದ್ದು ಹೂತವಗ ಮಾತ್ರ. ಬುರುಡೆ ಹೊರಗ ಬಂದಾಗ ನಡುಗಿದಿ. ಜನ ಗುಂಡು ಅಂದ ಕೂಡಲೇ ಜೀವ ಬಂತು. ಗುದ್ದಲಿ ಮುಚ್ಚಾಕ ಕೋವಿ ಸಿಕ್ತು.”

ಕುಶಾಲಪ್ಪ ಬೊಳ್ಳವ್ವನ ಕಡೆ ನೋಡಿದ. ನೋಡಬಾರದಿತ್ತು; ಅವಳ ಕಣ್ಣು ಅವನ ಮುಖದ ಮೇಲೇ ನೆಟ್ಟಿತ್ತು.

“ತೋಡಿನ ನೀರು ನನ್ನ ತೋಟಕ್ಕೆ ಬಿಡಲಿಲ್ಲ ಅವನು,” ಅವನ ದನಿ ಏರಿತು. “ನನ್ನ ಕಾಫಿ ಹೂ ಕಣ್ಣೆದುರೇ ಒಣಗುತ್ತಿತ್ತು. ಎರಡು ದಿನ ಬಿಡು ಅಂತ ಬೇಡಿದೆ. ಬೆನ್ನು ತಿರುಗಿಸಿ ನಕ್ಕ!”

“ಮೂರು ವರ್ಷ ನನ್ನ ಜಗಲಿಯಲ್ಲಿ ಕೂತು ಕಾಫಿ ಕುಡಿದೆ ನೀನು,” ಎಂದಳು ಬೊಳ್ಳವ್ವ. “ಅಣ್ಣ ಬಂದೇ ಬರ್ತಾನೆ ಅತ್ತಿಗೆ ಅಂದೆ. ಥೂ!”

*

ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿಯೂ ಬೊಳ್ಳವ್ವ ಏಳಲಿಲ್ಲ.

“ತಪ್ಪಾತು ಅವ್ವಾ,” ಎಂದ ಮಹಾಂತೇಶ. “ಆಟೋ ತರಿಸ್ತೀನಿ.”

“ಆಟೋ ಬೇಡ. ಹಾಡಹಗಲೇ ಜೀಪಿನಲ್ಲಿ ತಂದಿರಿ, ಊರೆಲ್ಲ ನೋಡುವ ಹಾಗೆ. ಬಿಡುವುದೂ ಹಾಗೇ ಬಿಡಿ. ನಾನು ಮುಂದೆ ಕೂರ್ತೇನೆ. ನೀವು ಹಿಂದೆ.”

ಮಹಾಂತೇಶ ಹಿಂದೆ ಕುಳಿತ.

ಸಂತೆಯ ಬೀದಿಯಲ್ಲಿ ಜೀಪು ನಿಧಾನವಾಗಿ ಸಾಗಿತು. ಅಂಗಡಿಗಳ ಮಾತು ಒಂದೊಂದಾಗಿ ನಿಂತಿತು. ಮುತ್ತವ್ವ ತನ್ನ ಮನೆಯ ಗೇಟಿನ ಬಳಿ ಕೈ ಎತ್ತಿದಳು.

“ನಿಲ್ಲಿಸಬೇಕಾ ಅವ್ವ?” ಡ್ರೈವರ್ ಕೇಳಿದ.

“ನಿಧಾನ ಮಾಡು,” ಎಂದಳು ಬೊಳ್ಳವ್ವ. “ನಿಲ್ಲಿಸಬೇಡ.”