ಇಲ್ಲಿ ಹಿಡಿದಿಡುವ ಕಾರಣ

"'ಇವರನ್ನು ಇಲ್ಲಿ ಹಿಡಿದಿಡಲು ಯಾವ ಕಾರಣವೂ ಇಲ್ಲ.' ನೀವೇ ಬರೆದಿದ್ದಾ ಇದು?"

ಮೇಷ್ಟ್ರು ಹಾಳೆಯನ್ನು ಅವಳ ಮೇಜಿನ ಮೇಲಿಟ್ಟು, ಆ ಸಾಲಿನ ಕೆಳಗೆ ಬೆರಳಿಟ್ಟು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು, ಉತ್ತರ ಕೊಡುವುದು ಸುಲಭವಾಗುತ್ತಿತ್ತು.

"ನಾನೇ."

"ಸರಿ. ಓದಿ ಸಹಿ ಹಾಕಿದೀನಿ. ಒಂದನೇ ತಾರೀಖಿಗೆ ಅಲ್ಲಿರ್ತೀನಿ."

"ಯೋಚನೆ ಮಾಡೋಕೆ ಇನ್ನೂ ಒಂದು ವಾರ ಇದೆ, ಮೇಷ್ಟ್ರೇ."

"ನೀವು ಒಂದು ವರ್ಷ ಕೂತು ಯೋಚನೆ ಮಾಡಿ ಬರೆದಿದೀರ. ಅದರ ಮೇಲೆ ನಾನು ಒಂದು ವಾರ ಯೋಚಿಸಿ ಏನು ಕಡಿದು ಕಟ್ಟೆ ಹಾಕ್ಲಿ?"

ನಗಲು ನೋಡಿದರು. ನಗು ಬಾಯಿಯವರೆಗೆ ಬಂತು, ಕಣ್ಣಿನವರೆಗೆ ಹೋಗಲಿಲ್ಲ. ಬಾಗಿಲನ್ನು ಎಂದಿನಂತೆ ಸದ್ದಾಗದ ಹಾಗೆ ಎಳೆದುಕೊಂಡು ಹೊರಟುಹೋದರು.

ಅದೊಂದು ಜಾಹೀರಾತು ಏಜೆನ್ಸಿ. ಹಾಡು ಕಟ್ಟುವವರು, ಚಿತ್ರ ತೆಗೆಯುವವರು ಕೆಳಗಿನ ಮಹಡಿಯಲ್ಲಿ ಗದ್ದಲ ಮಾಡಿಕೊಂಡಿದ್ದರೆ, ಮೇಲಿನ ಮಹಡಿಯಲ್ಲಿ ಬ್ರ್ಯಾಂಡ್ ಸ್ಟ್ರಾಟಜಿಯ ಒಂಬತ್ತು ಜನ. ಒಂದು ಸಾಬೂನನ್ನೋ ಒಂದು ಬ್ಯಾಂಕನ್ನೋ ಜನ ಯಾಕೆ ನಂಬಬೇಕು ಎಂದು ಮೊದಲು ಹುಡುಕಿ, ಒಂದೇ ಹಾಳೆಯಲ್ಲಿ ಬರೆದುಕೊಡುವವರು. ಎಂಟು ವರ್ಷದಿಂದ ಆ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಯಾರು ಏನೇ ಹೇಳಿದರೂ "ಯಾಕೆ?" ಎನ್ನುತ್ತಿದ್ದುದರಿಂದ ಹುಡುಗರು ಬೆನ್ನ ಹಿಂದೆ ಅವಳನ್ನು ಯಾಕಮ್ಮ ಎಂದು ಕರೆಯುತ್ತಿದ್ದರು. ಮೇಷ್ಟ್ರು ಮಾತ್ರ ಎದುರಿಗೇ ಕರೆಯುತ್ತಿದ್ದರು.

ವರ್ಷಕ್ಕೊಮ್ಮೆ ಒಬ್ಬೊಬ್ಬರಿಗೂ ಅವಳು ಒಂದೊಂದು ಹಾಳೆ ಬರೆಯಬೇಕು. ಮುಂದಿನ ಮೂರು ವರ್ಷದಲ್ಲಿ ಇವರು ಏನು ಕಲಿಯಬೇಕು, ಯಾವ ಬ್ರ್ಯಾಂಡ್ ಹಿಡಿಯಬೇಕು, ಯಾವ ಕುರ್ಚಿಗೆ ಹೋಗಬೇಕು. ಬರೆಯುವ ಮುನ್ನ ಅವರನ್ನು ಏನೂ ಕೇಳಬಾರದು. ಈ ನಿಯಮ ಅವಳೇ ಮಾಡಿದ್ದು. ಜನ ತಮಗೆ ಬೇಕಾದ್ದನ್ನು ಹೇಳುವುದಿಲ್ಲ, ಹೇಳಿದರೆ ಚೆನ್ನಾಗಿ ಕೇಳಿಸುವಂಥದ್ದನ್ನು ಹೇಳುತ್ತಾರೆ; ಆದ್ದರಿಂದ ನೋಡಬೇಕು, ಕೇಳಬಾರದು. ಇಪ್ಪತ್ತು ವರ್ಷ ಸಮೀಕ್ಷೆಗೆಂದು ಕಂಡವರ ಮನೆ ಜಗಲಿ ಹತ್ತಿ ಇಳಿದು ಅವಳು ಕಲಿತ ಪಾಠ ಅದು.

ಮೇಷ್ಟ್ರ ಹಾಳೆಗೆ ಐದು ದಿನ ಹಿಡಿದಿತ್ತು.

ಅವರು ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಶಾಲೆ ಮುಚ್ಚಿದ ಮೇಲೆ, ಮೂವತ್ತಾರನೇ ವಯಸ್ಸಿಗೆ, ಸಮೀಕ್ಷೆಯ ಅಂಕಿಗಳನ್ನು ಜೋಡಿಸುವ ಕೆಲಸಕ್ಕೆ ಇಲ್ಲಿ ಸೇರಿದರು. ತಡವಾಗಿ ಬಂದವರಿಗೆ ಈ ಕಸುಬಿನಲ್ಲಿ ಏಣಿ ಯಾವಾಗಲೂ ಒಂದು ಮೆಟ್ಟಿಲು ಕಡಿಮೆ. ತಮಗಿಂತ ಹತ್ತು ವರ್ಷ ಚಿಕ್ಕವರ ಪಕ್ಕ ಕೂತು, ಅವರ ತಪ್ಪುಗಳನ್ನು ಯಾರಿಗೂ ಗೊತ್ತಾಗದ ಹಾಗೆ ತಿದ್ದಿ, ಚಪ್ಪಾಳೆ ಅವರಿಗೇ ಬಿಟ್ಟುಕೊಟ್ಟು ಹತ್ತು ವರ್ಷ ಕಳೆದಿದ್ದರು. ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುವುದರಲ್ಲಿ ಆ ವಯಸ್ಸು ಕಳೆದುಹೋಗಿತ್ತು.

ಮಧ್ಯಾಹ್ನ ಅವರು ಕಿತ್ತಳೆ ಸುಲಿದರೆ ಅರ್ಧ ಅವಳ ಕಾಗದಗಳ ಮೇಲಿರುತ್ತಿತ್ತು. ಮಾತಿಲ್ಲ. ಮೀಟಿಂಗಿನಲ್ಲಿ ಯಾರಾದರೂ ದೊಡ್ಡ ದೊಡ್ಡ ಮಾತಾಡತೊಡಗಿದರೆ, ಅವರು ಕನ್ನಡಕದ ಮೇಲಿಂದ ಒಂದೇ ಒಂದು ಸಲ ಅವಳತ್ತ ನೋಡುತ್ತಿದ್ದರು. ಹುಬ್ಬು ಕೂಡ ಅಲುಗುತ್ತಿರಲಿಲ್ಲ. ಎಲ್ಲಿ ನಗು ಬಂದುಬಿಡುತ್ತದೋ ಎಂದು ಹೆದರಿ ಅವಳು ತುಟಿ ಕಚ್ಚಿಕೊಂಡು ನೋಟ್‌ಬುಕ್ಕಿಗೆ ತಲೆ ತಗ್ಗಿಸಬೇಕಾಗುತ್ತಿತ್ತು. ಆಮೇಲೆ ಇಡೀ ಸಂಜೆ ಆ ನೋಟ ಎದೆಯೊಳಗೆ ಬೆಚ್ಚಗೆ ಕೂತಿರುತ್ತಿತ್ತು.

ಇನ್ನೊಂದು ನಗರದಲ್ಲಿ ಏಜೆನ್ಸಿ ಹೊಸ ಆಫೀಸು ತೆರೆಯುತ್ತಿತ್ತು. ಅಲ್ಲಿಗೊಬ್ಬ ಮುಖ್ಯಸ್ಥ ಬೇಕಿತ್ತು. ಮೇಷ್ಟ್ರಿಗಿಂತ ತಕ್ಕವರಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಮೊದಲ ಸಲ ಬರೆದದ್ದು, "ಇನ್ನೊಂದು ವರ್ಷ ಇಲ್ಲೇ ಇದ್ದರೆ ಒಳಿತು" ಎಂದು. ಮಾರನೆಯ ದಿನ ಓದಿದಾಗ ಆ ಒಳಿತು ಯಾರದೆಂದು ತಿಳಿದು ನಾಚಿಕೆಯಾಯಿತು. ಹರಿದು ಹಾಕಿದಳು. ಐದನೆಯ ದಿನ, ಹೊಸ ಆಫೀಸಿಗೆ ಅವರ ಹೆಸರು ಸೂಚಿಸಿ, ಉಕ್ಕುವ ಪಾತ್ರೆಗೆ ಮುಚ್ಚಳ ಒತ್ತುವವಳ ಹಾಗೆ ಕೊನೆಗೆ ಆ ಸಾಲು ಬರೆದಳು. ಬರೆದು ಕಳಿಸಿಯೂ ಬಿಟ್ಟಳು.

"ನೀನು ಏನಾದ್ರೂ ಹೇಳಿದ್ಯಾ ಅವರಿಗೆ?" ಮೇಷ್ಟ್ರು ಸಹಿ ಹಾಕಿದ ಹಾಳೆ ತಂದಿಟ್ಟ ದಿನ ಸಂಜೆ ಅಕ್ಕ ಕೇಳಿದಳು.

ಅಕ್ಕನದು ಕನ್ನಡಕದ ಅಂಗಡಿ. ಭಾವ ತೀರಿಕೊಂಡ ಮೇಲೆ, ಮೂರೇ ವರ್ಷಕ್ಕೆ ಮದುವೆ ಮುರಿದುಕೊಂಡಿದ್ದ ತಂಗಿಯೂ ತಾನೂ ಒಂದೇ ಸೂರಿನಡಿ ಇರೋಣವೆಂದವಳು ಅವಳೇ. ಗಾಜು ಒರೆಸುತ್ತಾ ಮಾತಾಡುವುದು ಅವಳ ರೂಢಿ.

"ಏನಂತ ಹೇಳ್ಲಿ?"

"ಅಯ್ಯೋ ಪೆದ್ದಿ, ಅದನ್ನೂ ನಾನೇ ಹೇಳಿಕೊಡ್ಲಾ? ಮುಖದ ಮೇಲೆ ಇಷ್ಟು ದಪ್ಪಕ್ಷರದಲ್ಲಿ ಬರ್ಕೊಂಡು ಓಡಾಡ್ತೀಯ. ಕನ್ನಡಕ ಇಲ್ದೆ ನನಗೇ ಕಾಣುತ್ತೆ."

"ಅಕ್ಕ, ನಾನು ಅವರ ಬಾಸು. ಅವರ ಮುಂದಿನ ಮೂರು ವರ್ಷ ಬರೆಯೋಳು. ಅದೇ ಬಾಯಲ್ಲಿ ನೀವಂದ್ರೆ ನನಗಿಷ್ಟ ಅಂದ್ರೆ, ಅವರು ಇಲ್ಲ ಅನ್ನೋದು ಹೇಗೆ? ಹೂಂ ಅಂದ್ರೂ ಅದನ್ನ ನಾನು ನಂಬೋದು ಹೇಗೆ?"

ಅಕ್ಕನ ಕೈ ನಿಂತಿತು. "ಅದೂ ನಿಜವೇ," ಎಂದಳು. ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟು, "ಆದ್ರೆ ಅವರು ಹೋದ್ಮೇಲೆ ಈ ಮನೇಲಿ ನಿನ್ನ ಮುಖ ನೋಡ್ಬೇಕಾದೋಳು ನಾನು," ಎಂದು ಒಳಗೆ ಹೋದಳು.

ಮೇಷ್ಟ್ರು ಹೊರಡಲು ಹದಿನಾಲ್ಕು ದಿನ ಉಳಿದಿತ್ತು. ಅಷ್ಟರಲ್ಲಿ ಮುಗಿಸಬೇಕಾಗಿದ್ದುದು ಹೊಲಿಗೆ ಯಂತ್ರದ ಕಂಪನಿಯೊಂದರ ಕೆಲಸ. ಸಿದ್ಧ ಉಡುಪು ಸಿಗುವ ಕಾಲದಲ್ಲೂ ಅರವತ್ತು ದಾಟಿದ ಹೆಂಗಸರು ಹೊಸ ಯಂತ್ರ ಯಾಕೆ ಕೊಳ್ಳುತ್ತಿದ್ದಾರೆ ಎಂದು ಕಂಪನಿಗೆ ತಿಳಿಯಬೇಕಿತ್ತು. ಕೊನೆಯ ಮನೆಗೆ ಇಬ್ಬರೂ ಒಟ್ಟಿಗೆ ಹೋದರು. ದಾರಿಯುದ್ದಕ್ಕೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಕಿತ್ತಳೆ ಬರುವುದು ನಿಂತು ಆರು ದಿನವಾಗಿತ್ತು.

ಎರಡನೇ ಮಹಡಿಯ ಪುಟ್ಟ ಮನೆ. ಕಿಟಕಿಯ ಬೆಳಕಿಗೆ ಯಂತ್ರ, ಅದರ ಪಕ್ಕದಲ್ಲಿ ಗುಂಡಿ ತುಂಬಿದ ಬಿಸ್ಕತ್ತಿನ ಡಬ್ಬ. ಮನೆಯೊಡತಿ ಇಬ್ಬರಿಗೂ ಚಹಾ ಕೊಟ್ಟು ಸ್ಟೂಲಿನ ಮೇಲೆ ಕೂತರು. ಮೂಲೆಯಲ್ಲಿದ್ದ ಆರಾಮ ಕುರ್ಚಿ ಖಾಲಿಯಿತ್ತು.

"ಮೊದಲು ಹಳೇದೊಂದಿತ್ತಪ್ಪ. ಮೂವತ್ತು ವರ್ಷ ತುಳಿದಿದ್ದೆ," ಎಂದು ಆಕೆ ಶುರುಮಾಡಿದರು. "ನನ್ನ ಮಂಡಿ ನೋವು ನೋಡೋಕಾಗದೆ ನಮ್ಮನೆಯವರು, ನಾನು ತಂಗಿ ಮನೆಗೆ ಹೋಗಿದ್ದಾಗ, ಅದನ್ನ ಯಾರಿಗೋ ಕೊಟ್ಟುಬಿಟ್ರು. ಬಂದು ನೋಡ್ತೀನಿ, ಆ ಜಾಗದಲ್ಲಿ ಈ ಕುರ್ಚಿ!"

"ಜಗಳ ಆಡಿದ್ರಾ?" ಮೇಷ್ಟ್ರು ಕೇಳಿದರು.

"ಪ್ರೀತಿಗೆ ಮಾಡಿದ್ದಲ್ವಾ? ಪ್ರೀತಿ ಜೊತೆ ಏನಂತ ಜಗಳ ಆಡೋದು? ಆ ಕುರ್ಚಿ ಮೇಲೆ ಒಂದು ದಿನಾನೂ ಕೂರಲಿಲ್ಲ, ಅಷ್ಟೇ. ಯಾಕೆ ಕೂರಲ್ಲ ಅಂತ ಅವರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಾಗೇ ಆರು ವರ್ಷ." ಆಕೆ ಯಂತ್ರದ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು. "ಅವರು ಹೋಗಿ ಎಂಟು ತಿಂಗಳಾಯ್ತು. ಆಮೇಲೆ ಇದನ್ನ ತಂದೆ. ಈಗ ತುಳಿಯುವಾಗೆಲ್ಲ ಅನ್ಸುತ್ತೆ, ಪಾಪ, ಅವರು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆನಲ್ಲ. ಹೊಲಿಯೋವಾಗ ಮಂಡಿ ನೋವು ಗೊತ್ತೇ ಆಗ್ತಿರಲಿಲ್ಲ ನನಗೆ. ಸುಮ್ನೆ ಕೂತಾಗ ನೋಯ್ತಿತ್ತು."

ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಅವಳ ಪೆನ್ನು ಯಾವಾಗಲೋ ನಿಂತುಹೋಗಿತ್ತು.

ವಾಪಸಾಗುವಾಗ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಸಂಜೆಯ ಬಿಸಿಲು ಅಡ್ಡಡ್ಡ ಬೀಳುತ್ತಿತ್ತು. ಮೂರು ಸ್ಟಾಪ್ ದಾಟಿದವು. ನಾಲ್ಕನೆಯದರಲ್ಲಿ ಅವಳು, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ಹೇಳಿದಳು:

"ನಿಮ್ಮನ್ನ ಕೇಳದೆ ಬರೆದುಬಿಟ್ಟೆ. ಈಗ ಕೇಳ್ತೀನಿ. ನಿಮಗೆ ಏನು ಬೇಕು?"

ಮೇಷ್ಟ್ರು ಕೈಯಲ್ಲಿದ್ದ ನೋಟ್‌ಬುಕ್ಕನ್ನು ಮುಚ್ಚಿ ಚೀಲಕ್ಕೆ ಹಾಕಿದರು.

"ಆ ಕೆಲಸ ಬೇಕು," ಎಂದರು. "ಸುಳ್ಳು ಹೇಳಲ್ಲ. ನಲವತ್ತಾರನೇ ವಯಸ್ಸಿಗೆ ನನ್ನ ನಂಬಿ ಒಂದು ಆಫೀಸ್ ಕೊಡ್ತಿದಾರೆ. ಹಾಳೆಯ ಮೊದಲ ಭಾಗ ಓದಿ ಕಣ್ಣಲ್ಲಿ ನೀರು ಬಂತು. ನನ್ನನ್ನ ಇಷ್ಟು ಚೆನ್ನಾಗಿ ಯಾರೂ ನೋಡಿರಲಿಲ್ಲ. ಕೊನೆಗೆ ಆ ಸಾಲು ಬಂತು. ಕಸ ಗುಡಿಸಿ ಹೊರಗೆ ಹಾಕಿದ ಹಾಗಾಯ್ತು."

"ಹಾಳೆ ಪೂರ್ತಿ ನಿಜ. ಆ ಸಾಲೊಂದೇ ಸುಳ್ಳು." ಬೇರೆಯವರ ವಾಕ್ಯಗಳನ್ನು ಏಳು ಪದಕ್ಕೆ ಇಳಿಸುವವಳು, ತನ್ನದನ್ನು ಎಲ್ಲಿ ಮುಗಿಸಬೇಕೆಂದು ತಿಳಿಯದೆ ತಡವರಿಸಿದಳು. "ಕಾರಣ ಇತ್ತು. ಆದ್ರೆ ಅದು ಏಜೆನ್ಸಿಗೆ ಸೇರಿದ್ದಲ್ಲ, ನನ್ನದು, ನೀವು ಇಲ್ಲದ ಮಹಡಿಗೆ ಬೆಳಿಗ್ಗೆ ಮೆಟ್ಟಿಲು ಹತ್ತಿ ಬರೋದು ಹೇಗೆ ಅಂತ, ಅದನ್ನ ನಿಮ್ಮ ಹಾಳೆ ಮೇಲೆ ಬರೆಯೋ ಹಕ್ಕು ನನಗಿಲ್ಲ ಅಂತ, ಕಾರಣವೇ ಇಲ್ಲ ಅಂತ ಬರೆದೆ."

ಬಸ್ಸು ಅವರಿಬ್ಬರೂ ಇಳಿಯಬೇಕಾದ ಸ್ಟಾಪಿನಲ್ಲಿ ನಿಂತು, ಮತ್ತೆ ಹೊರಟಿತು. ಯಾರೂ ಏಳಲಿಲ್ಲ.

"ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ನನಗೆ ಐದು."

ಅವಳು ತಿರುಗಿ ನೋಡಿದಳು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಆ ಕಣ್ಣುಗಳನ್ನು ಗಾಜಿಲ್ಲದೆ ಅವಳು ನೋಡಿದ್ದು ಅದೇ ಮೊದಲು. ದಣಿದಿದ್ದವು, ಆದರೆ ಅಡಗಿಕೊಂಡಿರಲಿಲ್ಲ.

"ಒಂದು ಮಾತೂ ಆಡ್ಲಿಲ್ವಲ್ಲ, ಮೇಷ್ಟ್ರೇ."

"ನೀವು ನನ್ನ ಬಾಸ್ ಆಗಿರೋವರೆಗೂ ಬಾಯಿ ಬಿಡಬಾರದು ಅಂತಿದ್ದೆ. ಬಡ್ತಿಗೋಸ್ಕರ ಇವನು ಬಲೆ ಬೀಸಿದ, ಅವರು ಬಿದ್ರು ಅಂತ ಯಾರಾದ್ರೂ ನಿಮ್ಮ ಮೇಲೆ ಮಾತು ಹೊರಿಸಿದ್ರೆ? ಮೊನ್ನೆ ಸಹಿ ಹಾಕುವಾಗ ನೋವಾಯ್ತು. ಆದ್ರೆ ಒಂದನೇ ತಾರೀಖಿನಿಂದ ನೀವು ನನ್ನ ಬಾಸ್ ಅಲ್ಲ ಅನ್ನೋದೂ ನೆನಪಾಯ್ತು." ಅವಳತ್ತ ಪೂರ್ತಿ ತಿರುಗಿ ಹೇಳಿದರು, "ಈಗ ನೀವು ಹೋಗಬೇಡಿ ಅಂದ್ರೆ ಹೋಗಲ್ಲ. ಹೇಳಿ."

ಒಂದೇ ಪದ ಸಾಕಿತ್ತು. ನಾಲ್ಕು ವರ್ಷ ಆ ಪದ ಹೇಳಲೆಂದೇ ಕಾದಿದ್ದಳು.

"ಇಲ್ಲ. ಹೋಗಿ," ಎಂದಳು. "ಉಳಿದರೆ ಇವತ್ತು ಸಂತೋಷವಾಗುತ್ತೆ. ಐದು ವರ್ಷ ಬಿಟ್ಟು ನನ್ನ ಮುಖ ನೋಡಿದಾಗೆಲ್ಲ ನಿಮಗೆ ಕೈಬಿಟ್ಟ ಕೆಲಸ ಕಾಣುತ್ತೆ. ಅದನ್ನ ನಾನು ತಡ್ಕೊಳಲ್ಲ."

"ನಿಮಗೆ ಏನು ಬೇಕು? ನಿಮ್ಮನ್ನ ಯಾರು ಕೇಳ್ತಾರೆ?"

ಎಂಟು ವರ್ಷದಿಂದ ಯಾರೂ ಕೇಳಿರಲಿಲ್ಲ. ಅವಳು ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

"ಬೇರೆ ಕಸುಬು ಬಿಟ್ಟು ತಡವಾಗಿ ಈ ಕೆಲಸಕ್ಕೆ ಬರೋರಿಗೆ ಕಲಿಸಬೇಕು ಅಂತಿದೆ. ನರ್ಸು, ಅಂಗಡಿಯೋರು, ನಿಮ್ಮಂಥೋರು. ಅಂಥೋರಿಗೆ ಜನ ಗೊತ್ತು, ಏಣಿ ಹತ್ತೋದು ಗೊತ್ತಿಲ್ಲ. ಎಲ್ಲಿ ಬೇಕಾದ್ರೂ ಮಾಡಬಹುದು, ನೀವಿರೋ ಊರಲ್ಲೂ. ಆದ್ರೆ ನನಗೆ ಒಂದು ವರ್ಷ ಬೇಕು. ವಿಭಾಗನ ಒಬ್ಬರ ಕೈಗೆ ಸರಿಯಾಗಿ ಕೊಡಬೇಕು. ಅಕ್ಕನ್ನ ಕೇಳಬೇಕು, ಅವಳ ಪರವಾಗಿ ನಾನೇ ತೀರ್ಮಾನ ಮಾಡೋಕಾಗಲ್ಲ."

"ಒಂದು ವರ್ಷ," ಎಂದು ಮೇಷ್ಟ್ರು ಹೇಳಿದರು. ಅದನ್ನು ಅವರು ಹೇಳಿದ ರೀತಿಯಲ್ಲಿ ಭಾರವೂ ಇತ್ತು, ಒಪ್ಪಿಗೆಯೂ ಇತ್ತು. "ಕಲಿಸೋಕೆ ಬರುತ್ತಾ ನಿಮಗೆ, ಯಾಕಮ್ಮನೋರೇ?"

"ಬರಲ್ಲ. ಯಾರಾದ್ರೂ ಹೇಳಿಕೊಡಬೇಕು."

ಆಗ ಅವರು ನಕ್ಕರು. ಈ ಸಲ ನಗು ಕಣ್ಣಿನವರೆಗೂ ಹೋಯಿತು.

ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಬಂದು, "ಇನ್ನು ಬಸ್ ಮುಂದಕ್ಕೆ ಹೋಗಲ್ಲ, ಇಳೀರಿ," ಎಂದು ಎಬ್ಬಿಸಿದ. ಇಬ್ಬರಿಗೂ ಗುರುತಿಲ್ಲದ ರಸ್ತೆ. ಅಂಗಡಿಗಳು ಒಂದೊಂದಾಗಿ ದೀಪ ಹಚ್ಚುತ್ತಿದ್ದವು. ಮನೆ ಯಾವ ದಿಕ್ಕಿಗೆಂದು ಅವಳು ಕೇಳಲಿಲ್ಲ. ಹದಿನಾಲ್ಕು ದಿನ, ಆಮೇಲೆ ಒಂದು ವರ್ಷ; ಆ ವರ್ಷ ಎಷ್ಟು ಉದ್ದವಾಗಲಿದೆ ಎಂದು ಇಬ್ಬರಿಗೂ ತಿಳಿದಿತ್ತು. ಅವಸರವಿಲ್ಲದೆ ಹೆಜ್ಜೆ ಹಾಕಿದರು.

ತಿರುವಿನಲ್ಲಿ ಮೇಷ್ಟ್ರು ನಿಂತರು.

"ಕೈ ಹಿಡ್ಕೊಳ್ಲಾ?"

"ಹಿಡ್ಕೊಳಿ," ಎಂದಳು ಅವಳು.